ಹಾವು ಕಡಿತ: ಭಯ, ನಂಬಿಕೆ ಮತ್ತು ಮನೆಯವರ ತೀರ್ಮಾನ

(ಮುಂಗಾರಿಗೆ ಮುನ್ನ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನೀಡಿದ ಭಾಷಣದ ಪಾಠ)



ಮುಂಗಾರು ಹತ್ತಿರವಾದಂತೆ ರೈತನ ಮನೆಯಲ್ಲಿ ಸಿದ್ಧತೆಗಳು ಆರಂಭವಾಗುತ್ತವೆ. ಯಾವ ತಳಿ ಬಿತ್ತಬೇಕು, ಗೊಬ್ಬರ ಎಲ್ಲಿಂದ ತರಬೇಕು, ಆಳುಗಳನ್ನು ಯಾವಾಗ ಕರೆಯಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡುತ್ತಾರೆ. ಆದರೆ ಅದೇ ಮಳೆಗಾಲದಲ್ಲಿ ಮನೆಯ ಒಬ್ಬರಿಗೆ ಹಾವು ಕಚ್ಚಿದರೆ ಏನು ಮಾಡಬೇಕೆಂದು ಮೊದಲೇ ಕುಳಿತು ತೀರ್ಮಾನಿಸಿದ ಮನೆಗಳು ಬಹಳ ಕಡಮೆ. ಆ ತೀರ್ಮಾನ ನಡೆಯುವುದು ನಡುರಾತ್ರಿಯಲ್ಲಿ, ಬ್ಯಾಟರಿ ಬೆಳಕಿನಲ್ಲಿ, ಹೆಂಗಸರು ಮಕ್ಕಳ ಅಳುವಿನ ನಡುವೆ, ನೆರೆಹೊರೆಯವರ ಹತ್ತಾರು ಸಲಹೆಗಳ ನಡುವೆ. ಅಂಥ ಹೊತ್ತಿನಲ್ಲಿ ಎಂಥ ತಿಳಿವಳಿಕಸ್ಥನಿಗೂ ಬುದ್ಧಿ ಓಡುವುದಿಲ್ಲ. ಹಿಂದಿನಿಂದ ಕೇಳಿಬಂದದ್ದೇ ದಾರಿಯಾಗುತ್ತದೆ.

ಆದುದರಿಂದ ಹಾವು ಕಚ್ಚಿದಾಗ ಏನು ಮಾಡಬೇಕೆಂಬುದರ ಜೊತೆಗೆ, ಮನೆಯವರು ಏಕೆ ಬೇರೆ ದಾರಿ ಹಿಡಿಯುತ್ತಾರೆ ಎಂಬುದನ್ನೂ ವಿಚಾರಿಸುವುದು ಅಗತ್ಯ.

ಹಾನಿಯ ಪ್ರಮಾಣ

ಭಾರತದಲ್ಲಿ ಹಾವು ಕಡಿತದಿಂದ ಆಗುವ ಸಾವುಗಳ ಬಗ್ಗೆ ಬಹುಕಾಲ ಸರಿಯಾದ ಲೆಕ್ಕವಿರಲಿಲ್ಲ. ಆಸ್ಪತ್ರೆಗೆ ಬಂದು ಸತ್ತವರನ್ನು ಮಾತ್ರ ಎಣಿಸಲಾಗುತ್ತಿತ್ತು. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸುಮಾರು 46,000 ಜನ ಹಾವು ಕಚ್ಚಿ ಸಾಯುತ್ತಿದ್ದರು. ಇವರಲ್ಲಿ ಶೇಕಡಾ 97ರಷ್ಟು ಜನ ಹಳ್ಳಿಯವರು. ಶೇಕಡಾ 77ರಷ್ಟು ಸಾವುಗಳು ಆಸ್ಪತ್ರೆಯ ಹೊರಗೇ ಸಂಭವಿಸಿದ್ದವು. 2020ರಲ್ಲಿ ಹೊರಬಂದ ಮುಂದಿನ ಅಧ್ಯಯನದ ಅಂದಾಜು ಇನ್ನೂ ದೊಡ್ಡದು: 2000ದಿಂದ 2019ರವರೆಗೆ ಒಟ್ಟು 12 ಲಕ್ಷ ಸಾವು, ಅಂದರೆ ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ತಿಂಗಳುಗಳಲ್ಲಿ ಆಗಿವೆ. ಕಾಲುಭಾಗಕ್ಕಿಂತ ಹೆಚ್ಚು ಸಾವುಗಳು 15 ವರ್ಷದೊಳಗಿನ ಮಕ್ಕಳದು.

ಉಳುವ, ಬಿತ್ತುವ, ಕಳೆ ಕೀಳುವ ತಿಂಗಳುಗಳೇ ಹಾವಿನ ತಿಂಗಳುಗಳೂ ಹೌದೆಂಬುದನ್ನು ಈ ಅಂಕಿಗಳು ತೋರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ, ಆಸ್ಪತ್ರೆಗಳು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಆಜ್ಞೆ ಹೊರಡಿಸಿತು. ಇದು ಒಳ್ಳೆಯ ಹೆಜ್ಜೆ. ಆದರೆ ಆಸ್ಪತ್ರೆಗೇ ಬಾರದವರನ್ನು ಯಾವ ಆಜ್ಞೆಯೂ ಉಳಿಸಲಾರದು.

ಭಯವೇ ಬೇರೆ, ಅಪಾಯವೇ ಬೇರೆ

ಹಾವೆಂದರೆ ಹೆದರದವರಿಲ್ಲ. ರಾತ್ರಿ ಹೊತ್ತು ಅದರ ಹೆಸರೆತ್ತಲು ಹಿಂಜರಿದು 'ಹುಳ' ಎನ್ನುವ ವಾಡಿಕೆ ಎಷ್ಟೋ ಊರುಗಳಲ್ಲಿದೆ. ಆದರೂ ಭಯ ಮತ್ತು ಅಪಾಯ ಒಂದೇ ಅಳತೆಯವಲ್ಲ. ಹೆಡೆಯೆತ್ತಿ ಬುಸುಗುಟ್ಟುವ ನಾಗರಹಾವನ್ನು ಕಂಡರೆ ಎಲ್ಲರೂ ದೂರ ನಿಲ್ಲುತ್ತಾರೆ. ಉದ್ದವಾಗಿ ಸರಸರನೆ ಓಡುವ ಕೇರೆಹಾವನ್ನು ಕಂಡರೆ ಬಡಿದು ಕೊಲ್ಲುತ್ತಾರೆ. ಕೇರೆಗೆ ವಿಷವಿಲ್ಲ, ಅದು ಇಲಿಗಳನ್ನು ತಿಂದು ಬೆಳೆಯನ್ನು ಕಾಯುವ ಹಾವು. ಆದರೆ ಒಣಗಿದ ತರಗಿನ ಬಣ್ಣಕ್ಕೆ ಹೊಂದಿಕೊಂಡು ಅಲುಗಾಡದೆ ಮಲಗಿರುವ ಕೊಳಕುಮಂಡಲ, ಗೇಣುದ್ದದ ಗರಗಸಮಂಡಲ, ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳಿರುವ ಕಟ್ಟುಹಾವು ಇವುಗಳ ಬಗ್ಗೆ ಅಷ್ಟು ಎಚ್ಚರವಿಲ್ಲ. ಭಾರತದಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾಗುವುದು ನಾಗರಹಾವು ಮತ್ತು ಈ ಮೂರು ಹಾವುಗಳು.

ಮನುಷ್ಯರು ಅಪಾಯವನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಯಾವುದು ಬೇಗ ನೆನಪಿಗೆ ಬರುತ್ತದೆಯೋ ಅದೇ ಹೆಚ್ಚಾಗಿ ನಡೆಯುತ್ತದೆ ಎಂದು ಜನರು ಭಾವಿಸುತ್ತಾರೆಂದು ಏಮಾಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ವಿಜ್ಞಾನಿಗಳು 1973ರಲ್ಲಿ ತೋರಿಸಿದರು. ದಿನವೂ ಕಾಣುವ, ಕೈಗೆ ಒಗ್ಗಿದ ಅಪಾಯವು ಹಗುರವಾಗಿ ಕಾಣುತ್ತದೆ. ಅಪರೂಪದ ಭೀಕರ ಅಪಾಯವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದು ಓದದವರ ತಪ್ಪಲ್ಲ. ಓದಿದವರೂ ಹೀಗೆಯೇ ಎಣಿಸುತ್ತಾರೆ.

ಮಂತ್ರ ಫಲಿಸಿದಂತೆ ಕಾಣುವುದೇಕೆ?

ಹಾವು ಕಚ್ಚಿದವರನ್ನು ಮಂತ್ರವಾದಿಯ ಬಳಿಗೋ ನಾಟಿವೈದ್ಯರ ಬಳಿಗೋ ಒಯ್ಯುವ ಮನೆಯವರನ್ನು ಮೂಢರೆಂದು ಜರೆಯುವುದು ಸುಲಭ. ಆದರೆ ಅವರ ಬಳಿ ಕಣ್ಣಾರೆ ಕಂಡ ಸಾಕ್ಷಿಯಿರುತ್ತದೆ. "ನಮ್ಮ ದೊಡ್ಡಪ್ಪನಿಗೆ ಕಚ್ಚಿತ್ತು, ಬೇರು ಅರೆದು ಕುಡಿಸಿದರು, ಬೆಳಗಾಗುವುದರೊಳಗೆ ಎದ್ದು ಕೂತರು" ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಅದರಿಂದ ತೆಗೆಯುವ ನಿರ್ಣಯ ಸರಿಯಲ್ಲ.

ಭಾರತದಲ್ಲಿರುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಇಳಿಯುವುದಿಲ್ಲ, ಅಥವಾ ಸ್ವಲ್ಪವೇ ಇಳಿಯುತ್ತದೆ. ಲೆಕ್ಕಕ್ಕಾಗಿ ಹೀಗೆ ಊಹಿಸಬಹುದು. ಒಬ್ಬ ಮಂತ್ರವಾದಿಯ ಬಳಿಗೆ ಹಾವು ಕಚ್ಚಿದ 100 ಜನ ಬಂದರೆನ್ನೋಣ. ಅವರಲ್ಲಿ 60 ಜನರಿಗೆ ಕಚ್ಚಿದ್ದು ವಿಷವಿಲ್ಲದ ಹಾವು. 20 ಜನರಿಗೆ ವಿಷದ ಹಾವು ಕಚ್ಚಿದರೂ ವಿಷ ಇಳಿದಿಲ್ಲ. ಉಳಿದ 20 ಜನರಿಗೆ ಮಾತ್ರ ವಿಷ ಏರಿದೆ. ಮಂತ್ರವಾದಿ ಏನೇ ಮಾಡಲಿ, 80 ಜನ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಬರೀ ನೀರು ಕುಡಿಸಿದ್ದರೂ ಆ 80 ಜನ ಹೀಗೆಯೇ ಹೋಗುತ್ತಿದ್ದರು. ಊರಿನ ಬಾಯಲ್ಲಿ ಮಾತ್ರ ಅದು "ನೂರಕ್ಕೆ ಎಂಬತ್ತು ಗುಣ" ಎಂಬ ಕೀರ್ತಿಯಾಗುತ್ತದೆ.

ಬೇಸಾಯಗಾರರಿಗೆ ಈ ತರ್ಕ ಹೊಸದಲ್ಲ. ಒಳ್ಳೆಯ ಮಳೆಯಾದ ವರ್ಷ ಹೊಸ ಗೊಬ್ಬರ ಹಾಕಿ, ಒಳ್ಳೆಯ ಬೆಳೆ ಬಂದರೆ ಅದು ಗೊಬ್ಬರದ ಗುಣವೋ ಮಳೆಯ ಗುಣವೋ ಹೇಳುವುದು ಹೇಗೆ? ಅದಕ್ಕಾಗಿಯೇ ಪ್ರಾತ್ಯಕ್ಷಿಕೆಯಲ್ಲಿ ಗೊಬ್ಬರ ಹಾಕಿದ ತಾಕಿನ ಪಕ್ಕದಲ್ಲಿ ಗೊಬ್ಬರ ಹಾಕದ ತಾಕನ್ನೂ ಬಿಡುತ್ತಾರೆ. ಎರಡನ್ನೂ ಕೊಯ್ದು ತೂಗಿದ ಮೇಲೆಯೇ ಮಾತು. ಮಂತ್ರಕ್ಕೂ ಬೇರಿಗೂ ಅಂಥ ಹೋಲಿಕೆಯ ತಾಕು ಇಲ್ಲ. ಗುಣವಾದವರೆಲ್ಲ ಅದರ ಲೆಕ್ಕಕ್ಕೆ ಸೇರುತ್ತಾರೆ. ಸತ್ತವರ ಬಗ್ಗೆ "ಕರೆತಂದದ್ದು ತಡವಾಯಿತು", "ಅವನ ಆಯುಸ್ಸು ಅಷ್ಟೇ ಇತ್ತು" ಎಂದು ಬೇರೆ ಲೆಕ್ಕಕ್ಕೆ ಬರೆಯಲಾಗುತ್ತದೆ.

ಇನ್ನೊಂದು ಮಾತಿದೆ. ಬದುಕಿದವರು ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ ತಮ್ಮ ಕಥೆಯನ್ನು ಇಪ್ಪತ್ತು ವರ್ಷ ಹೇಳುತ್ತಾರೆ. ಸತ್ತವರು ಬಂದು ಹೇಳುವುದಿಲ್ಲ. ಹೀಗಾಗಿ ಕಿವಿಗೆ ಬೀಳುವುದೆಲ್ಲ ಬದುಕಿದವರ ಕಥೆಗಳೇ. "ಏನೂ ಆಗಲಿಲ್ಲ" ಎಂಬುದು ಅಪಾಯವಿರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಆ ಸಲ ಅಪಾಯ ತಪ್ಪಿತು ಎಂಬುದಕ್ಕೆ ಮಾತ್ರ ಸಾಕ್ಷಿ.

ನೋವಿಲ್ಲದ ಕಡಿತ

ಕಟ್ಟುಹಾವಿನ ಕಡಿತವು ಈ ತಪ್ಪು ಲೆಕ್ಕಕ್ಕೆ ಅತಿ ದೊಡ್ಡ ಬೆಲೆ ತೆರುವ ಸಂದರ್ಭ. ಈ ಹಾವು ರಾತ್ರಿ ಸಂಚರಿಸುತ್ತದೆ, ಮನೆಯೊಳಕ್ಕೂ ಬರುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ. ಹಲ್ಲು ಸಣ್ಣದು, ಗಾಯ ಕಾಣದೆ ಹೋಗಬಹುದು, ಊತವಿಲ್ಲ, ನೋವೂ ಇಲ್ಲವೆನ್ನುವಷ್ಟು ಕಡಮೆ.

ಒಂದು ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಹುಡುಗಿಯೊಬ್ಬಳು ರಾತ್ರಿ ಎರಡು ಗಂಟೆಗೆ ಎದ್ದು ಹೊಟ್ಟೆನೋವೆಂದು ಅಳುತ್ತಾಳೆಂದು ಭಾವಿಸೋಣ. ಅಜ್ಜಿ ಅಜೀರ್ಣವೆಂದು ಓಮದ ಕಷಾಯ ಕುಡಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮಗುವಿನ ಕಣ್ಣೆವೆಗಳು ಜೋಲುತ್ತವೆ. "ನಿದ್ದೆ ಬಂತು, ಮಲಗಲಿ ಬಿಡು" ಎಂದು ತಾಯಿಗೆ ಹೇಳುತ್ತಾರೆ. ನಿಜವಾಗಿ ಅದು ನಿದ್ದೆಯಲ್ಲ. ವಿಷವು ನರಗಳಿಗೆ ತಗುಲಿ ಎವೆಯನ್ನು ಎತ್ತುವ ಶಕ್ತಿ ಹೋಗುತ್ತಿದೆ. ಮುಂದೆ ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ಆ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. ಗಾಯ ಕಾಣಲಿಲ್ಲ, ನೋವಿರಲಿಲ್ಲ. ಆದ್ದರಿಂದ ಅಪಾಯವಿಲ್ಲವೆಂದು ಎಣಿಸಿದರು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿ ಎದ್ದವರಿಗೆ ಕಾರಣವಿಲ್ಲದೆ ಹೊಟ್ಟೆನೋವು ಬಂದು ಕಣ್ಣೆವೆ ಜೋತರೆ, ಗಾಯ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಬೇವಿನ ಸೊಪ್ಪು ಅಗಿಸಿ ಕಹಿ ಗೊತ್ತಾಗುತ್ತದೆಯೇ ಎಂದು ನೋಡುವುದು, ಮೆಣಸಿನಕಾಯಿ ತಿನ್ನಿಸಿ ಖಾರ ಹತ್ತುತ್ತದೆಯೇ ಎಂದು ಕೇಳುವುದು ಇವು ಪರೀಕ್ಷೆಗಳಲ್ಲ. ನುಂಗಲಾರದವರ ಗಂಟಲಲ್ಲಿ ಅವು ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಔಷಧ ಏನು ಮಾಡುತ್ತದೆ?

ಹಾವಿನ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಉಂಟಾಗುವ ಪ್ರತಿವಿಷವನ್ನು ಬೇರ್ಪಡಿಸಿ ಚುಚ್ಚುಮದ್ದು ತಯಾರಿಸುತ್ತಾರೆ. ಭಾರತದಲ್ಲಿ ದೊರೆಯುವ ಮದ್ದು ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ. ಆದ್ದರಿಂದ ಹಾವನ್ನು ಹಿಡಿದು ತರಬೇಕಾದ ಅಗತ್ಯವಿಲ್ಲ. ಹಿಡಿಯಲು ಹೋದವನಿಗೂ ಕಚ್ಚಬಹುದು. ಸತ್ತ ಹಾವಿನ ತಲೆಯೂ ಕೆಲಕಾಲ ಕಚ್ಚಬಲ್ಲದು.

ಈ ಮದ್ದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ನಿರ್ವಿಷ ಮಾಡುತ್ತದೆ. ನರಕ್ಕೋ ಮೂತ್ರಪಿಂಡಕ್ಕೋ ಈಗಾಗಲೇ ಆದ ಹಾನಿಯನ್ನು ಅದು ಹಿಂದಿರುಗಿಸಲಾರದು. ಮಂತ್ರವಾದಿಯ ಅಂಗಳದಲ್ಲಿ ಕಳೆದ ಎರಡು ಗಂಟೆಗೆ ಬೆಲೆ ಬರುವುದು ಇಲ್ಲಿಯೇ. ಮಂತ್ರ ಕೊಲ್ಲುವುದಿಲ್ಲ, ತಡ ಕೊಲ್ಲುತ್ತದೆ.

ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಇದನ್ನು ತಿಳಿಯಲು ವೈದ್ಯರು ಸ್ವಲ್ಪ ರಕ್ತವನ್ನು ಶುದ್ಧವಾದ ಒಣ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆಯೆಂದು ಅರ್ಥ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಉಳಿಯಬೇಕು. ದನಕರುಗಳ ಚಿಂತೆಯಿಂದ ನಡುವೆ ಎದ್ದು ಬರಕೂಡದು. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣದ ಮದ್ದು ಬೇಕಾಗುತ್ತದೆ. ಹಾವು ಬಿಡುವ ವಿಷ ಮಗುವಿಗೆಂದು ಕಡಮೆಯಾಗುವುದಿಲ್ಲ. ಮದ್ದಿನಿಂದ ಕೆಲವರಿಗೆ ತುರಿಕೆ, ನಡುಕ, ಉಸಿರಾಟದ ತೊಂದರೆ ಬರಬಹುದು. ಅದಕ್ಕೆ ವೈದ್ಯರಲ್ಲಿ ಪರಿಹಾರವಿದೆ. ಅದಕ್ಕೆ ಹೆದರಿ ಮದ್ದು ಬೇಡವೆನ್ನಬಾರದು.

ಇದೇ ತಪ್ಪು ಲೆಕ್ಕ ಬೇರೆಡೆ

ಹುಚ್ಚುನಾಯಿ ರೋಗದಲ್ಲಿಯೂ ಇದೇ ಬಗೆಯ ಎಣಿಕೆ ಕಾಣುತ್ತದೆ. ಹಾಲು ಕೊಡುವ ಹಸು ಹುಚ್ಚು ಹಿಡಿದು ಸತ್ತರೆ ಆ ಹಾಲು ಕುಡಿದ ಊರೆಲ್ಲ ಚುಚ್ಚುಮದ್ದಿಗೆ ಓಡುವುದುಂಟು. ಕಾಯಿಸಿದ ಹಾಲಿನಲ್ಲಿ ಆ ರೋಗಾಣು ಉಳಿಯುವುದಿಲ್ಲ. ಆದರೆ ಅದೇ ಹಸು ಜೊಲ್ಲು ಸುರಿಸುವಾಗ ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಬಾಯೊಳಗೆ ಕೈ ಹಾಕಿದ ರೈತ ಸುಮ್ಮನಿರುತ್ತಾನೆ. ಅಪಾಯ ನಿಜವಾಗಿ ಇರುವುದು ಅವನಿಗೆ. ಮನೆಯ ನಾಯಿಮರಿ ಆಟವಾಡುತ್ತ ಪರಚಿದ ಮಗುವನ್ನೂ ಯಾರೂ ಗಮನಿಸುವುದಿಲ್ಲ. ಈ ರೋಗದ ಲಕ್ಷಣ ಕಂಡ ಮೇಲೆ ಉಳಿದವರಿಲ್ಲವೆಂದೇ ಹೇಳಬೇಕು. ನಾಯಿ ಕಚ್ಚಿದ ಕೂಡಲೇ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳಿನ ಸುತ್ತ 14 ಚುಚ್ಚುಮದ್ದು ಎಂಬ ಹಿರಿಯರ ನೆನಪು ಇನ್ನೂ ಜನರನ್ನು ಹೆದರಿಸುತ್ತದೆ. ಆ ಹಳೆಯ ಮದ್ದನ್ನು 2004ರ ಕೊನೆಯಲ್ಲಿಯೇ ನಿಲ್ಲಿಸಲಾಗಿದೆ. ಈಗ ತೋಳಿಗೆ ನಾಲ್ಕು ದಿನ, ಅಂದರೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28 ದಿನಗಳಿಗೆ ಚುಚ್ಚುತ್ತಾರೆ. ಗಾಯ ಆಳವಾಗಿದ್ದರೆ ಗಾಯಕ್ಕೇ ಕೊಡುವ ಇನ್ನೊಂದು ಮದ್ದನ್ನೂ ತೆಗೆದುಕೊಳ್ಳಬೇಕು.

ಕೀಟನಾಶಕದ ವಿಷಯವೂ ಇಷ್ಟೇ. ಹತ್ತು ವರ್ಷ ಬರಿಮೈಯಲ್ಲಿ ಸಿಂಪಡಿಸಿದವನು "ಏನೂ ಆಗಲಿಲ್ಲ" ಎನ್ನುತ್ತಾನೆ. ಖಾಲಿ ಡಬ್ಬಿಯನ್ನು ತೊಳೆದು ಎಣ್ಣೆಗೋ ಕಾಳಿಗೋ ಬಳಸುವ ಮನೆಯವರೂ ಹಾಗೆಯೇ ಹೇಳುತ್ತಾರೆ. ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ 2013ರ ಜುಲೈ ತಿಂಗಳಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಆ ಅಡಿಗೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ತೋರಿಸಿಕೊಡಬೇಕು. ಕೆಂಪು ಅತ್ಯಂತ ಘೋರ ವಿಷ. ಅನಂತರ ಹಳದಿ, ನೀಲಿ, ಹಸಿರು. ಹಸಿರು ಗುರುತಿದ್ದರೂ ಅದು ವಿಷವೇ.

ಮನೆಯಲ್ಲಿ ತೀರ್ಮಾನ ಯಾರದು?

ಹಾವು ಕಚ್ಚಿದ ಮನೆಯಲ್ಲಿ ಒಬ್ಬರೇ ತೀರ್ಮಾನಿಸುವುದಿಲ್ಲ. ಸೊಸೆಗೆ ಆಸ್ಪತ್ರೆಗೆ ಹೋಗಬೇಕೆಂದು ಗೊತ್ತಿದ್ದರೂ ಅತ್ತೆಯ ಮಾತು ಮೀರುವಂತಿಲ್ಲ. ಮಗನಿಗೆ ಇಷ್ಟವಿದ್ದರೂ ಹಣ, ವಾಹನ ಅಣ್ಣನ ಕೈಯಲ್ಲಿ. ಮುಂದೆ ಏನಾದರೂ ಹೆಚ್ಚುಕಡಮೆಯಾದರೆ "ಹಿರಿಯರ ಮಾತು ಕೇಳಲಿಲ್ಲ" ಎಂಬ ನಿಂದೆ ಹೊರುವವರು ಯಾರು? ಪದ್ಧತಿಯಂತೆ ಮಾಡಿ ಕೆಟ್ಟರೆ ದೂರುವವರಿಲ್ಲ. ಹೊಸದು ಮಾಡಿ ಕೆಟ್ಟರೆ ಊರೇ ದೂರುತ್ತದೆ. ಈ ಭಯವೂ ತೀರ್ಮಾನದಲ್ಲಿ ಸೇರಿರುತ್ತದೆ. ಆದ್ದರಿಂದ ಮನೆಯ ಹಿರಿಯರೇ ಮುಂಗಾರಿಗೆ ಮುನ್ನ, ಎಲ್ಲರ ಎದುರಿಗೆ, "ಹಾವು ಕಚ್ಚಿದರೆ ಯಾರನ್ನೂ ಕೇಳದೆ ನೇರ ಆಸ್ಪತ್ರೆಗೆ" ಎಂದು ಹೇಳಿಡಬೇಕು. ಆ ಒಂದು ಮಾತು ಕಿರಿಯರ ಕೈಕಟ್ಟನ್ನು ಬಿಚ್ಚುತ್ತದೆ.

ಮೊದಲೇ ಮಾಡಿಡಬೇಕಾದ ಸಿದ್ಧತೆಗಳು:

1. ಹಾವಿನ ವಿಷದ ಮದ್ದು ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ, ರಾತ್ರಿ ವೈದ್ಯರಿರುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ ಬರೆದಿಡುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮದ್ದನ್ನು ಉಚಿತವಾಗಿ ಕೊಡುತ್ತಾರೆ.

2. 108 ವಾಹನ ಬರಲು ತಡವಾದರೆ ಯಾರ ವಾಹನ ಎಂದು ಮೊದಲೇ ಗೊತ್ತುಮಾಡುವುದು. ಮೋಟಾರ್ ಸೈಕಲ್ ಮಾತ್ರವೇ ಇದ್ದರೆ ಕಚ್ಚಿಸಿಕೊಂಡವರನ್ನು ಇಬ್ಬರ ನಡುವೆ ಕೂರಿಸಿಕೊಂಡು ಹೋಗಬಹುದು.

3. ಮಳೆಗಾಲದಲ್ಲಿ ಮಕ್ಕಳನ್ನು ಮಂಚದ ಮೇಲೆ ಮಲಗಿಸುವುದು. ಮಂಚವಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸೇರಿಸುವುದು.

4. ರಾತ್ರಿ ಪಂಪಿಗೆ, ಕೊಟ್ಟಿಗೆಗೆ, ಬಯಲಿಗೆ ಹೋಗುವಾಗ ಬ್ಯಾಟರಿಯನ್ನೂ ಕಾಲಿಗೆ ಬೂಟನ್ನೂ ಮರೆಯದಿರುವುದು. ಸೌದೆ, ಹುಲ್ಲು, ಬೆರಣಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕೆದಕುವುದು.

ಕಚ್ಚಿದಾಗ ಮಾಡಬೇಕಾದದ್ದು:

1. ಧೈರ್ಯ ಹೇಳಿ ಮಲಗಿಸುವುದು, ನಡೆಸಬಾರದು, ಓಡಿಸಬಾರದು.

2. ಉಂಗುರ, ಬಳೆ, ಕಾಲುಂಗುರ, ಗೆಜ್ಜೆಗಳನ್ನು ಊತ ಬರುವ ಮುನ್ನ ತೆಗೆಯುವುದು.

3. ಮೂಳೆ ಮುರಿದಾಗ ಮಾಡುವಂತೆ ಕೋಲು ಇಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಮಾಡುವುದು.

4. ಬಿಗಿಯಾಗಿ ಹಗ್ಗ ಕಟ್ಟಕೂಡದು. ಗಾಯ ಕೊಯ್ಯಕೂಡದು, ಬಾಯಿಂದ ಹೀರಕೂಡದು, ಸುಡಕೂಡದು, ವಿಷದ ಕಲ್ಲು ಅಂಟಿಸಕೂಡದು.

5. ಕಚ್ಚಿದ ವೇಳೆಯನ್ನೂ, ಎವೆ ಜೋಲುವುದು, ಒಸಡಿನಲ್ಲಿ ರಕ್ತ ಮೊದಲಾದ ಲಕ್ಷಣ ಕಂಡ ವೇಳೆಯನ್ನೂ ವೈದ್ಯರಿಗೆ ತಿಳಿಸುವುದು.

ವಿಸ್ತರಣಾ ಕಾರ್ಯಕರ್ತರಿಗೆ

ಹಳ್ಳಿಯವರ ನಂಬಿಕೆಯನ್ನು ಹಳಿದರೆ ಬಾಗಿಲು ಮುಚ್ಚುತ್ತದೆ. ಸಭೆಯಲ್ಲಿ ಸಾವಿನ ಭೀಕರ ಚಿತ್ರಗಳನ್ನು ತೋರಿಸಿ ಹೆದರಿಸುವುದರಿಂದಲೂ ಫಲವಿಲ್ಲ. ಹೆದರಿದವನು ಮೊದಲು ಓಡುವುದು ತನಗೆ ಪರಿಚಯವಿರುವ ಬಾಗಿಲಿಗೇ. ಮೇಲೆ ಹೇಳಿದ ನೂರು ಜನರ ಲೆಕ್ಕವನ್ನು ಕಡಲೆಕಾಳುಗಳನ್ನಿಟ್ಟು ಎಣಿಸಿ ತೋರಿಸಬೇಕು. ಮಂತ್ರವಾದಿಯನ್ನೂ ಸಭೆಗೆ ಕರೆಯಬೇಕು. ವಿಷ ಏರಿದವರನ್ನು ತಾವು ಕೈಬಿಟ್ಟು ಆಸ್ಪತ್ರೆಗೆ ಕಳುಹಿಸಿದ ಸಂದರ್ಭಗಳನ್ನು ಅಂಥವರೇ ಹೇಳಬಲ್ಲರು. "ಮಂತ್ರ ಹಾಕುವುದಿದ್ದರೆ ವಾಹನದಲ್ಲಿ ಕೂತೇ ಹಾಕಲಿ, ವಾಹನ ಮಾತ್ರ ನಿಲ್ಲದಿರಲಿ" ಎಂದರೆ ಹೆಚ್ಚಿನ ಮನೆಗಳಲ್ಲಿ ಒಪ್ಪುತ್ತಾರೆ. ಆಸ್ಪತ್ರೆಯಿಂದ ಗುಣವಾಗಿ ಬಂದವರನ್ನು ಸಭೆಯಲ್ಲಿ ಮಾತನಾಡಿಸಬೇಕು. ಬದುಕಿದವರ ಕಥೆಗೇ ಊರು ಕಿವಿಗೊಡುವುದಾದರೆ ಆ ಕಥೆಗಳೂ ಊರಿನಲ್ಲಿ ಓಡಾಡಲಿ.

ಬಿತ್ತನೆಗೆ ಹದ ಬಂದ ಮೇಲೆ ಬೀಜ ಹುಡುಕುವ ರೈತನಿಲ್ಲ. ಬೀಜವನ್ನು ಒಳಗಿಟ್ಟು ಮಳೆಗೆ ಕಾಯುತ್ತಾನೆ. ಈ ವರ್ಷ ಬೀಜದ ಮಾತನಾಡಲು ಮನೆಯವರು ಕುಳಿತಾಗ ಇನ್ನೊಂದು ಗಳಿಗೆ ಹೆಚ್ಚು ಕುಳಿತು, ಆಸ್ಪತ್ರೆಯ ಹೆಸರನ್ನೂ ವಾಹನದವರ ದೂರವಾಣಿ ಸಂಖ್ಯೆಯನ್ನೂ ಗೋಡೆಯ ಮೇಲೆ ಬರೆದಿಡಲಿ.